ಬ್ರಿಸ್ಬೇನ್ ಇಂದ ಕೇರ್ನ್ಸ್‌ಗೆ ಕ್ಯಾರವಾನ್ ಟ್ರಿಪ್, ಅಮ್ಮ ಮಕ್ಕಳು ಎಲ್ಲಾ ಸೇರಿ, ಆಗತ್ತಾ?

ಕುವೆಂಪುನಗರ_ಕಾಫಿ:
ಎಲ್ರಿಗೂ ನಮಸ್ಕಾರ. ನಮ್ಮ ಭಾವ ಆಸ್ಟ್ರೇಲಿಯಾದ ಬ್ರಿಸ್ಬೇನಲ್ಲಿದಾರೆ, ಬನ್ನಿ ಬನ್ನಿ ಅಂತ ಕರೀತಾನೇ ಇದ್ರು, ಈ ಸಲ ಹೋಗೇ ಬಿಡೋಣ ಅಂತ ಮನೇಲಿ ತೀರ್ಮಾನ ಆಗಿದೆ. ಅವರ ಪ್ಲಾನ್ ಏನಪ್ಪಾ ಅಂದ್ರೆ ಡಿಸೆಂಬರ್ ಕೊನೇಲಿ ರಜ ಹಾಕಿ, ಒಂದು ಕ್ಯಾರವಾನ್ (ಕಾರಿನ ಹಿಂದೆ ಎಳ್ಕೊಂಡು ಹೋಗೋ ಚಕ್ರದ ಮನೆ) ಬಾಡಿಗೆಗೆ ತಗೊಂಡು, ಅವರ ಕಾರಿಗೆ ಸಿಗಿಸ್ಕೊಂಡು ಕರಾವಳಿ ಹಿಡಿದು ಕೇರ್ನ್ಸ್ ತನಕ ಹೋಗೋದು, ಅಲ್ಲಿ ಬೀಚ್ ಪಕ್ಕ ನಿಲ್ಸಿ ಮಕ್ಕಳು ಸಮುದ್ರದಲ್ಲಿ ಆಡ್ಕೊಂಡು ಇರೋದು. ಕೇಳಕ್ಕೆ ಸಖತ್ತಾಗಿದೆ. ಆದ್ರೆ ಅಮ್ಮಂಗೆ ಮಂಡಿನೋವು, ಶುದ್ಧ ಸಸ್ಯಾಹಾರಿ ಬೇರೆ, ಅವ್ರು ಕೇಳಿದ ಒಂದೇ ಪ್ರಶ್ನೆ "ಬಚ್ಚಲುಮನೆ ಎಲ್ಲಿರತ್ತೋ?" ಅದಕ್ಕೆ ನನ್ ಹತ್ರ ಉತ್ತರ ಇಲ್ಲ. ದಾರಿ ಉದ್ದಕ್ಕೂ ಅಮ್ಮ ಹಿಂದೆ ಕ್ಯಾರವಾನಲ್ಲೇ ಮಲ್ಕೊಂಡು ಬರ್ಬೋದಲ್ವಾ? ನಮ್ಮ ಲೈಸೆನ್ಸ್ ನಡೆಯತ್ತಾ? ಹೋಗಿ ಬಂದೋರು ಇದ್ರೆ ಸ್ವಲ್ಪ ಹೇಳಿ, ಯೂಟ್ಯೂಬ್ ನೋಡಿ ನೋಡಿ ಸಾಕಾಗಿದೆ, ಅದ್ರಲ್ಲಿ ಎಲ್ರೂ ನಗ್ತಾನೇ ಇರ್ತಾರೆ.

ಬೆಟ್ಟದ_ಮೆಟ್ಲು:
ಸಮುದ್ರ ನೋಡಕ್ಕೆ ಅಷ್ಟು ದೂರ ಯಾಕ್ ಸ್ವಾಮಿ, ಕಾರವಾರ ಗೋಕರ್ಣ ಎಲ್ಲಾ ಖಾಲಿ ಆಗೋಯ್ತಾ?

ಟೌನ್ಸ್‌ವಿಲ್_ಮೈಸೂರಿಗ:
ಗೋಕರ್ಣದಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಅನ್ನೋ ಹವಳದ ದಿಬ್ಬ ಇಲ್ವಲ್ಲ ಮೆಟ್ಲು ಅವ್ರೇ :)

ನಾನು ಕೇರ್ನ್ಸ್‌ನಿಂದ ಕೆಳಗೆ ಟೌನ್ಸ್‌ವಿಲ್‌ನಲ್ಲಿ ಇರೋನು, ಅಪ್ಪ ಅಮ್ಮ ಯಾದವಗಿರೀಲಿ. ನೇರ ವಿಷಯಕ್ಕೆ ಬರ್ತೀನಿ, ಡಿಸೆಂಬರ್ ಬೇಡ. ಇಲ್ಲಿ ಉತ್ತರದಲ್ಲಿ ನವೆಂಬರಿಂದ ಏಪ್ರಿಲ್ ತನಕ ಮಳೆ ಮತ್ತು ಸೈಕ್ಲೋನ್ ಕಾಲ. 2023ರ ಡಿಸೆಂಬರಲ್ಲಿ ಜ್ಯಾಸ್ಪರ್ ಅನ್ನೋ ಸೈಕ್ಲೋನ್ ಬಂದಾಗ ಕೇರ್ನ್ಸ್ ಏರ್‌ಪೋರ್ಟಲ್ಲೇ ನೀರು ನಿಂತಿತ್ತು. ಬ್ರಿಸ್ಬೇನಿಂದ ಕೇರ್ನ್ಸ್ ತನಕ ಬರೋ ಬ್ರೂಸ್ ಹೈವೇ ಮಳೇಲಿ ಅಲ್ಲಲ್ಲಿ ಮುಚ್ಚೋಗತ್ತೆ, ಮುಚ್ಚಿದ್ರೆ ಎಲ್ಲೋ ಒಂದು ಸಣ್ಣ ಊರಲ್ಲಿ ನೀರಿಳಿಯೋ ತನಕ ಕೂತಿರ್ಬೇಕು.

ಅದಕ್ಕಿಂತ ಮುಖ್ಯ ಜೆಲ್ಲಿಫಿಶ್. ಹೆಚ್ಚು ಕಮ್ಮಿ ನವೆಂಬರಿಂದ ಮೇ ತನಕ ಕರಾವಳಿ ನೀರಲ್ಲಿ ಬಾಕ್ಸ್ ಜೆಲ್ಲಿಫಿಶ್ ಇರತ್ತೆ, ಅದು ಕುಟುಕಿದ್ರೆ ಪ್ರಾಣಕ್ಕೇ ಅಪಾಯ, ತಮಾಷೆ ಮಾತಲ್ಲ. ಪಾಮ್ ಕೋವ್, ಟ್ರಿನಿಟಿ ಬೀಚ್ ಅಂಥ ಕಡೆ ಸೀಸನ್ನಲ್ಲಿ ನೀರೊಳಗೆ ಬಲೆ ಕಟ್ಟಿರ್ತಾರೆ, ದಡದಲ್ಲಿ ವಿನೆಗರ್ ಬಾಟ್ಲಿ ಇಟ್ಟಿರ್ತಾರೆ, ಆದ್ರೆ ಇರುಕಾಂಜಿ ಅಂತ ಉಗುರಿನಷ್ಟು ಗಾತ್ರದ್ದು ಇನ್ನೊಂದಿದೆ, ಅದು ಬಲೆ ದಾಟಿ ಬರತ್ತೆ. ಸ್ಟಿಂಗರ್ ಅಂದ್ರೆ ಈ ಕುಟುಕೋ ಜೆಲ್ಲಿಫಿಶ್‌ಗಳೇ, ಮೈ ಪೂರ್ತಿ ಮುಚ್ಚೋ ಸ್ಟಿಂಗರ್ ಸೂಟ್ ಸಿಗತ್ತೆ, ಹಾಕ್ಕೊಂಡೇ ಇಳೀಬೇಕು, ಲೈಫ್‌ಗಾರ್ಡ್ ನೆಟ್ಟಿರೋ ಎರಡು ಬಾವುಟದ ಮಧ್ಯೆ ಮಾತ್ರ. ಇನ್ನು ಮೊಸಳೆ. ರಂಗನತಿಟ್ಟಲ್ಲಿ ದೋಣೀಲಿ ಕೂತು ಬಂಡೆ ಮೇಲೆ ಮಲಗಿರೋ ಮೊಸಳೆ ಫೋಟೋ ಹೊಡ್ದು ಬಂದ ಧೈರ್ಯ ಇಲ್ಲಿ ತೋರಿಸ್ಬೇಡಿ. ಇದು ಉಪ್ಪುನೀರಿನ ಜಾತಿ, ನದಿ ಬಾಯಲ್ಲಿ, ಹಳ್ಳಗಳಲ್ಲಿ, ಕೆಲವು ಸಲ ಬೀಚಲ್ಲೂ ಇರತ್ತೆ. ಮೊಸಳೆ ಇದೆ ಅನ್ನೋ ಹಳದಿ ಬೋರ್ಡ್ ಕಂಡ್ರೆ ದಡದಲ್ಲಿ ಪಾತ್ರೆ ತೊಳಿಯಕ್ಕೂ ಹೋಗ್ಬೇಡಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ, ಕೇರ್ನ್ಸ್ ಸಿಟೀಲಿ ಬೀಚೇ ಇಲ್ಲ. ನೀರಿಳಿದಾಗ ಬರೀ ಕೆಸರು, ಅದರ ಮೇಲೆ ಪೆಲಿಕನ್ ಹಕ್ಕಿಗಳ ಓಡಾಟ. ಅದಕ್ಕೇ ಎಸ್‌ಪ್ಲನೇಡ್ ಅನ್ನೋ ಸಮುದ್ರದ ಪಕ್ಕದ ರಸ್ತೇಲಿ 4800 ಚದರ ಮೀಟರಿನ ದೊಡ್ಡ ಉಪ್ಪುನೀರಿನ ಈಜುಕೊಳ, ಲಗೂನ್ ಅಂತಾರೆ, ಕಟ್ಟಿದಾರೆ. ಫ್ರೀ, ಲೈಫ್‌ಗಾರ್ಡ್ ಇರ್ತಾರೆ, ಒಂದ್ಕಡೆ ಮಕ್ಕಳು ಕೂರೋ ಅಷ್ಟೇ ಆಳ. ನಿಮ್ಮ ಮಕ್ಕಳು ದಿನಾ ಅಲ್ಲೇ ಇರ್ತಾರೆ ನೋಡ್ತಿರಿ.

ಅಮ್ಮ ಕ್ಯಾರವಾನಲ್ಲಿ ಮಲ್ಕೊಂಡು ಬರೋ ಮಾತು ಮರ್ತುಬಿಡಿ. ಎಳ್ಕೊಂಡು ಹೋಗ್ತಿರೋ ಕ್ಯಾರವಾನ್ ಒಳಗೆ ಯಾರೂ ಇರೋ ಹಾಗಿಲ್ಲ, ಕಾನೂನು. ಎಲ್ರೂ ಕಾರಲ್ಲೇ ಬೆಲ್ಟ್ ಹಾಕ್ಕೊಂಡು, ಏಳು ವರ್ಷದ ಒಳಗಿನ ಮಕ್ಕಳಿಗೆ ಮಕ್ಕಳದೇ ಕಾರ್ ಸೀಟು. ಮಂಡಿನೋವಿರೋರು 1700 ಕಿಲೋಮೀಟರ್ ಹಂಗೆ ಕೂತು ಬರ್ಬೇಕು, ಯೋಚನೆ ಮಾಡಿ. ನನ್ನ ಕೇಳಿದ್ರೆ ಬ್ರಿಸ್ಬೇನಿಂದ ಫ್ಲೈಟ್ ಹಿಡೀರಿ, ಹೆಚ್ಚು ಕಮ್ಮಿ ಎರಡೂವರೆ ಗಂಟೆ, ಕೇರ್ನ್ಸಲ್ಲೇ ಒಳಗೆ ಮಲಗೋ ಜಾಗ ಇರೋ ವ್ಯಾನ್ ತಗೊಳ್ಳಿ.

ಮದ್ದೂರ್_ವಡೆ:
ಟೌನ್ಸ್‌ವಿಲ್ ಅಣ್ಣ ಹೇಳಿದ್ದೆಲ್ಲಾ ಸರಿನೇ, ಆದ್ರೆ ವಸಿ ಜಾಸ್ತಿನೇ ಹೆದರಿಸಿಬುಟ್ರು. ರೋಡಲ್ಲಿ ಹೋದ್ರೆ ಸಿಗೋ ಮಜಾ ಪ್ಲೇನಲ್ಲಿ ಎಲ್ಲೈತೆ ಗುರು. ನಾನು ಅಲ್ಲಿ ಹಣ್ಣಿನ ತೋಟದಲ್ಲಿ ಕೆಲ್ಸ ಮಾಡ್ಕೊಂಡು ಆ ದಾರೀಲಿ ಓಡಾಡಿರೋನು. ಬಂಡಬರ್ಗ್, ಮಕೈ, ಇಂಗಮ್, ಇನಿಸ್‌ಫೇಲ್, ಎತ್ಲಾಗ್ ನೋಡಿದ್ರೂ ಕಬ್ಬು ಕಣಣ್ಣ, ನಮ್ ಮಂಡ್ಯದೋನಿಗೆ ಕಣ್ಣಲ್ಲಿ ನೀರು ಬರ್ಬೇಕು ಹಂಗೈತೆ. ಆದ್ರೆ ಗದ್ದೇಲಿ ಒಬ್ಬ ಆಳೂ ಕಾಣಕ್ಕಿಲ್ಲ, ಎಲ್ಲಾ ಮಿಷಿನ್ ಕಟಾವು, ಕಡ್ದು ತುಂಡು ತುಂಡು ಮಾಡಿ ಪಕ್ಕದಲ್ಲೇ ಬರೋ ಗಾಡಿಗೆ ಸುರೀತದೆ. ಸಾಗ್ಸಕ್ಕೆ ಎತ್ತಿನ ಗಾಡಿ ಟ್ರಾಕ್ಟರ್ ಕ್ಯೂ ಇಲ್ಲ, ಪುಟಾಣಿ ರೈಲು, ಹಳಿ ಅಗಲ ಎರಡೇ ಅಡಿ, ಬೋಗಿಗಳು ಮಾತ್ರ ಎಣಿಸಕ್ಕೆ ಆಗಾಕಿಲ್ಲ ಅಷ್ಟುದ್ದ. ಜೂನಿಂದ ನವೆಂಬರ್ ಗಂಟ ನುರಿಸೋ ಸೀಸನ್ನು, ಆಗ ಆ ರೈಲು ಹೈವೇನೂ ದಾಟ್ತದೆ, ಎಲ್ಲಾ ಕಡೆ ಗೇಟು ಇರಕ್ಕಿಲ್ಲ, ಬರೀ ಕೆಂಪ್ ಲೈಟು. ಹಿಂದೆ ಕ್ಯಾರವಾನ್ ಇದ್ದಾಗ ಬ್ರೇಕ್ ಹೊಡುದ್ರೂ ಗಾಡಿ ತಕ್ಷಣ ನಿಲ್ಲಾಕಿಲ್ಲ, ಭಾವನಿಗೆ ಹೇಳಿ.

ಗೋರ್ಡನ್‌ವೇಲ್ ಅಂತ ಕೇರ್ನ್ಸ್ ಪಕ್ಕದಲ್ಲೇ ಒಂದೂರೈತೆ. ಕಬ್ಬಿನ ಹುಳ ತಿನ್ಲಿ ಅಂತ 1935ರಲ್ಲಿ ಹವಾಯಿಯಿಂದ ನೂರು ಚಿಲ್ಲರೆ ಕಪ್ಪೆ ತಂದು ಅಲ್ಲೇ ಮರಿ ಮಾಡ್ಸಿ ಬುಟ್ಟಿದ್ದು. ಹುಳನೂ ತಿನ್ಲಿಲ್ಲ ಏನೂ ಇಲ್ಲ, ಕಪ್ಪೆನೇ ಅರ್ಧ ದೇಶ ತುಂಬ್ಕೊಂತು. ನಮ್ ಮೈಸೂರ್ ಸಕ್ಕರೆ ಫ್ಯಾಕ್ಟರಿ ಶುರುವಾಗಿ ಆಗಿನ್ನೂ ಒಂದೆರಡು ವರ್ಷ ನೋಡಿ, ಪುಣ್ಯಕ್ಕೆ ಇಲ್ಗೆ ಯಾರೂ ತರ್ಲಿಲ್ಲ. ರಾತ್ರಿ ಕ್ಯಾರವಾನ್ ಪಾರ್ಕಲ್ಲಿ ಲೈಟ್ ಕೆಳಗೆ ಬಂದು ಕೂತಿರ್ತವೆ, ಬೆನ್ ತುಂಬಾ ವಿಷ, ಮಕ್ಳು ಮುಟ್ಟದಂಗೆ ನೋಡ್ಕೊಳ್ಳಿ.

ಒಗ್ಗರಣೆ_ಡಬ್ಬಿ:
ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲೇ ಇಲ್ವಲ್ಲ! ಗಂಡಸರೆಲ್ಲ ಸೇರಿದ್ರೆ ಮೊಸಳೆ, ರೈಲು, ಕಪ್ಪೆ ಅಷ್ಟೇ.

ಕ್ಯಾರವಾನ್ ಪಾರ್ಕ್ ಅಂದ್ರೆ ಬಯಲಲ್ಲ ರೀ. ನಿಮ್ಮ ಗಾಡಿ ನಿಲ್ಸೋ ಜಾಗಕ್ಕೆ ಕರೆಂಟು ನಲ್ಲಿ ಎರಡೂ ಇರತ್ತೆ, ಪಾರ್ಕಿನ ಮಧ್ಯದಲ್ಲಿ ಬಿಸಿನೀರು ಬರೋ ಬಾತ್ರೂಮ್ ಸಾಲು, ಚೆನ್ನಾಗಿ ಕ್ಲೀನ್ ಇಡ್ತಾರೆ, ವಾಷಿಂಗ್ ಮಿಷಿನ್ನೂ ಇರತ್ತೆ. ಬುಕ್ ಮಾಡುವಾಗಲೇ ಬಾತ್ರೂಮ್ ಹತ್ರದ ಜಾಗ ಕೇಳಿ, ರಾತ್ರಿ ಅಮ್ಮ ನಡೆಯೋದು ತಪ್ಪತ್ತೆ. ಕ್ಯಾರವಾನ್ ಒಳಗೂ ಪುಟ್ಟ ಟಾಯ್ಲೆಟ್ ಇರತ್ತೆ, ಆದ್ರೆ ಅದರ ಕೆಳಗಿನ ಡಬ್ಬಿ ಎಳ್ದು ಡಂಪ್ ಪಾಯಿಂಟಲ್ಲಿ, ಅಂದ್ರೆ ಅದಕ್ಕೇ ಅಂತ ಮಾಡಿರೋ ಗುಂಡೀಲಿ, ನಾವೇ ಸುರೀಬೇಕು, ನಮ್ಮನೇಲಿ ಆ ಕೆಲಸ ಯಾರ್ದು ಅಂತ ಮೊದಲನೇ ದಿನವೇ ಜಗಳ. ಮೆಟ್ಟಿಲು ಎತ್ತರ ಇರತ್ತೆ, ಮಂಡಿಗೆ ಅದು ಕಷ್ಟ. ಅಮ್ಮಂಗೆ ಮಾತ್ರ ಅದೇ ಪಾರ್ಕಲ್ಲಿ ಒಂದು ಕ್ಯಾಬಿನ್ ತಗೊಂಡ್ರೆ ಇನ್ನೂ ವಾಸಿ, ಪುಟ್ಟ ಮನೆ ಥರ, ಸ್ವಂತ ಬಾತ್ರೂಮು.

ಅಡುಗೆ. ಪಾರ್ಕಲ್ಲಿ, ಎಸ್‌ಪ್ಲನೇಡಲ್ಲಿ ಎಲ್ಲಾ ಕಡೆ ಫ್ರೀ ಬಾರ್ಬೆಕ್ಯೂ ಕಾವಲಿ ಇರತ್ತೆ, ದೋಸೆ ಹುಯ್ಯೋಣ ಅನ್ಸತ್ತೆ, ಆದ್ರೆ ಅದೇ ಕಾವಲಿ ಮೇಲೆ ಹಿಂದಿನೋರು ಏನು ಸುಟ್ಟಿರ್ತಾರೋ, ಅಮ್ಮ ಊಟ ಬಿಟ್ಟು ಕೂತ್ಬಿಡ್ತಾರೆ. ಸ್ವಂತ ತವ, ಒಂದು ಇಂಡಕ್ಷನ್ ಒಲೆ ಭಾವನ ಮನೆಯಿಂದಲೇ ತಗೊಂಡ್ ಹೋಗಿ. ಒಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕ್ಲೇಬೇಡಿ, ಸ್ಮೋಕ್ ಅಲಾರಂ ಹೊಡ್ಕೊಂಡು ಅಕ್ಕಪಕ್ಕದೋರೆಲ್ಲ ಎದ್ದು ಬರ್ತಾರೆ. ಕ್ಯಾರವಾನ್ ಪಕ್ಕಕ್ಕೆ ಚಾಚೋ ನೆರಳಿನ ಪರದೆ ಬಿಚ್ಚಿ, ಅದರ ಕೆಳಗೆ ಹೊರಗೆ ಮಾಡಿ.

ಮತ್ತೆ ಇಲ್ಲಿಂದ ಪೇಡ, ಬರ್ಫಿ, ಹಾಲಿನ ಸ್ವೀಟು, ಹಸಿ ಕರಿಬೇವು, ಬಿತ್ತನೆ ಬೀಜ ಏನೂ ಬೇಡ, ಅಲ್ಲಿ ಏರ್‌ಪೋರ್ಟಲ್ಲಿ ಬಿಡಲ್ಲ. ಮೈಸೂರುಪಾಕೂ ತುಪ್ಪದ್ದೇ, ಸುಮ್ನೆ ಯಾಕೆ. ಸಾರಿನಪುಡಿ, ಚಟ್ನಿಪುಡಿ ಪ್ಯಾಕ್ ಆಗಿರೋದು ತಗೊಂಡು ವಿಮಾನದಲ್ಲಿ ಕೊಡೋ ಕಾರ್ಡಲ್ಲಿ ತಿಂಡಿ ಇದೆ ಅಂತ ಟಿಕ್ ಮಾಡಿ. ತೋರಿಸಿದ್ದಕ್ಕೆ ದಂಡ ಇಲ್ಲ, ಹೆಚ್ಚಂದ್ರೆ ತಗೊಂಡು ಬಿಸಾಕ್ತಾರೆ. ಬಚ್ಚಿಟ್ರೆ ಮಾತ್ರ ಭಾರಿ ದಂಡ.

ಕುವೆಂಪುನಗರ_ಕಾಫಿ:
ಅಯ್ಯೋ ಎಷ್ಟೊಂದು ವಿಷಯ, ತುಂಬಾ ಥ್ಯಾಂಕ್ಸ್. ಭಾವಂಗೆ ಕಳಿಸ್ದೆ, ಜೆಲ್ಲಿಫಿಶ್ ಎಲ್ಲಾ ಗೊತ್ತು ಬಿಡೋ ಅಂದ್ರು. ಗೊತ್ತಿದ್ರೆ ಡಿಸೆಂಬರ್ ಅಂತ ಯಾಕೆ ಹೇಳಿದ್ರು?! ಸರಿ, ಡಿಸೆಂಬರ್ ಇಲ್ಲ ಅಂದ್ರೆ ಯಾವಾಗ? ಮಕ್ಕಳ ಬೇಸಿಗೆ ರಜ ಏಪ್ರಿಲ್ ಮೇ, ಜೂನಲ್ಲಿ ಸ್ಕೂಲ್ ಶುರು.

ಟೌನ್ಸ್‌ವಿಲ್_ಮೈಸೂರಿಗ:
ಇಲ್ಲಿ ಬೆಸ್ಟ್ ಜೂನಿಂದ ಆಗಸ್ಟ್, ಆದ್ರೆ ನಿಮಗೆ ಆಗಲ್ಲ. ಏಪ್ರಿಲಲ್ಲಿ ಜೆಲ್ಲಿಫಿಶ್ ಇನ್ನೂ ಇರತ್ತೆ. ಉಳಿಯೋದು ದಸರಾ ರಜ. ಮಳೆ ಕಮ್ಮಿ, ನೀರು ಬೆಚ್ಚಗಿರತ್ತೆ, ಸ್ಟಿಂಗರ್ ಸೀಸನ್ ಸಾಮಾನ್ಯವಾಗಿ ಶುರುವಾಗಿರಲ್ಲ, ಆದ್ರೂ ರೀಫಿಗೆ ಹೋಗುವಾಗ ಬೋಟಲ್ಲಿ ಕೊಡೋ ಸೂಟ್ ಹಾಕ್ಕೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಶುರು ತನಕ ಇಲ್ಲಿನ ಸ್ಕೂಲಿಗೂ ರಜ, ಪಾರ್ಕ್‌ಗಳು ತುಂಬೋಗತ್ತೆ, ಈಗಲೇ ಬುಕ್ ಮಾಡಿ. ಜಾಗ ಸಿಗದಿದ್ರೆ ರಸ್ತೆ ಬದಿ ನಿಲ್ಸಿ ಮಲಗೋಣ ಅಂದ್ಕೋಬೇಡಿ, ಕೇರ್ನ್ಸ್ ಸಿಟೀಲಿ ದಂಡ ಹಾಕ್ತಾರೆ.

ಲೈಸೆನ್ಸ್ ಇಂಗ್ಲಿಷಲ್ಲೇ ಇರೋದ್ರಿಂದ ವಿಸಿಟರ್ ಆಗಿ ಬಂದೋರಿಗೆ ನಡೆಯತ್ತೆ, ನಮ್ಮ ಥರಾನೇ ಎಡಗಡೆ ಡ್ರೈವಿಂಗ್. ಬಾಡಿಗೆ ಕೊಡೋರು ಕೆಲವರು ಇಂಟರ್‌ನ್ಯಾಷನಲ್ ಪರ್ಮಿಟ್ ಕೇಳ್ತಾರೆ, ಆರ್‌ಟಿಒದಲ್ಲಿ ಮಾಡಿಸ್ಕೊಂಡ್ರೆ ತಲೆನೋವಿಲ್ಲ.

ಅಮ್ಮಂಗೆ ಕೇರ್ನ್ಸಿಂದ ಬೆಟ್ಟದ ಮೇಲಿನ ಕುರಾಂಡ ಅನ್ನೋ ಊರಿಗೆ ಹೋಗೋ ರೈಲು ತಪ್ಪಿಸ್ಬೇಡಿ. 1886ರಿಂದ 1891ರ ತನಕ ಕಟ್ಟಿದ ಲೈನು, ಕೈಯಲ್ಲೇ ಕೊರೆದ 15 ಸುರಂಗ, ನಿಧಾನಕ್ಕೆ ಬೆಟ್ಟ ಹತ್ತತ್ತೆ, ನಡೆಯೋ ಕೆಲಸ ಕಮ್ಮಿ. ವಾಪಸ್ ಬರ್ತಾ ಏಳೂವರೆ ಕಿಲೋಮೀಟರ್ ರೋಪ್‌ವೇ, ಕಾಡಿನ ನೆತ್ತಿ ಮೇಲೆ. ದಾರೀಲಿ ಬ್ಯಾರನ್ ಫಾಲ್ಸ್ ಸಿಗತ್ತೆ, ಆದ್ರೆ ಅಕ್ಟೋಬರಲ್ಲಿ ಬೇಸಿಗೆಯ ಗಗನಚುಕ್ಕಿ ಥರಾನೇ, ಬಂಡೆನೇ ಜಾಸ್ತಿ. ಅಲ್ಲೂ ಕರೆಂಟ್ ತೆಗೀತಾರೆ.

ಬೆಟ್ಟದ_ಮೆಟ್ಲು:
ದಸರಾ ಬಿಟ್ಟು ಹೋಗ್ತಾರಂತೆ ಮೈಸೂರೋರು. ಕಲಿಗಾಲ.

ಕುವೆಂಪುನಗರ_ಕಾಫಿ:
ಸರ್ ಆ ಟ್ರಾಫಿಕ್ಕಲ್ಲಿ ನಾವು ಜಂಬೂಸವಾರೀನ ಟೀವೀಲೇ ನೋಡೋದು, ಅಲ್ಲೂ ಫೋನಲ್ಲಿ ನೋಡ್ತೀವಿ ಬಿಡಿ, ಕೇರ್ನ್ಸ್ ಇರೋ ಕ್ವೀನ್ಸ್‌ಲ್ಯಾಂಡ್ ರಾಜ್ಯ ನಮಗಿಂತ ನಾಲ್ಕೂವರೆ ಗಂಟೆ ಮುಂದೆ ಅಂತೆ, ರಾತ್ರಿ ಊಟದ ಹೊತ್ತಿಗೆ ಬರತ್ತೆ. ಸದ್ಯಕ್ಕೆ ಫ್ಲೈಟು, ಒಂದೇ ಪಾರ್ಕು, ಅಮ್ಮಂಗೆ ಕ್ಯಾಬಿನ್ನು, ಇಷ್ಟಕ್ಕೆ ಭಾವ ಒಪ್ಪಿದಾರೆ, ಆದ್ರೆ ಕ್ಯಾರವಾನ್ ಎಳೆಯೋ ಚಾನ್ಸ್ ಹೋಯ್ತು ಅಂತ ಮುಖ ಊದಿಸ್ಕೊಂಡಿದಾರೆ. ಒಗ್ಗರಣೆ ಅವ್ರೇ, ಇಲ್ಲಿಯ ಇಂಡಕ್ಷನ್ ಒಲೆ ಒಯ್ದ್ರೆ ಪ್ಲಗ್ ಹಿಡಿಯತ್ತಾ?

ಒಗ್ಗರಣೆ_ಡಬ್ಬಿ:
ವೋಲ್ಟೇಜ್ ಸೇಮ್, ಪಿನ್ ಬೇರೆ. ಒಲೆ ಹೊತ್ಕೊಂಡು ಹೋಗ್ಬೇಡಿ ಮಾರಾಯ್ರೆ, ಲಗೇಜ್ ತೂಕ. ಮೊಬೈಲಿಗೆ ಅಡಾಪ್ಟರ್ ತಗೊಳ್ಳಿ ಸಾಕು. ಒಲೆ ಭಾವನ ಮನೇದೇ.