ಅಪ್‌ಡೇಟ್: ಕೆರೆ ಪಾರ್ಕಿನ ಹಿಂದಿನ ಗೇಟಿನ ಕಸ

ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಪಾರ್ಕಿನ ಹಿಂದಿನ ಗೇಟಿನಲ್ಲಿ ಕಸ ಸುರಿಯೋದನ್ನು ನಿಲ್ಲಿಸುವುದು ಹೇಗೆ, ಅಕ್ಕಪಕ್ಕದವರನ್ನು ಸೇರಿಸುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

‘ಬೋರ್ಡು ಬೇಡ, ರಂಗೋಲಿ ಹಾಕಿ’ ಅಂದಿದ್ರಲ್ಲ, ಅದೇ ಕೆಲಸ ಮಾಡಿತು. ಎಳನೀರು ಬುರುಡೆ, ಕೋಳಿ ಅಂಗಡಿಯ ಚೀಲ ಎಲ್ಲ ಎತ್ತಿಸಿ ಗೋಡೆಗೆ ಸುಣ್ಣ ಬಳಿದೆವು. ಎದುರು ಮನೆ ಅಜ್ಜಿ ದಿನಾ ಬೆಳಿಗ್ಗೆ ಅಲ್ಲೇ ರಂಗೋಲಿ ಬಿಡುತ್ತಾರೆ. ಪಕ್ಕದಲ್ಲೇ ಹೂವಿನವರು ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಅವರಿಬ್ಬರ ಕಣ್ಣೆದುರು ಕಸ ಎಸೆಯೋ ಧೈರ್ಯ ಯಾರಿಗಿದೆ ಹೇಳಿ! ರಾತ್ರಿ ಬೈಕಿನಲ್ಲಿ ಬಂದು ಬಿಸಾಕುವವರು ಮಾತ್ರ ಇನ್ನೂ ಇದ್ದಾರೆ. ಬೀದಿ ದೀಪದ ಅರ್ಜಿಗೆ ಉತ್ತರವೇ ಇಲ್ಲ.

ನೀವು ಹೇಳಿದ ಕೆರೆಗಳನ್ನೂ ನೋಡಿ ಬಂದೆವು. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ನಡುವೆ ಹರಿದು, ಇನ್ನಷ್ಟು ಶುದ್ಧವಾಗಿ ಆಮೇಲೆ ಕೆರೆ ಸೇರುತ್ತದೆ. ನಮ್ಮ ಕೆರೆಯ ಜೊಂಡನ್ನೆಲ್ಲ ಕಿತ್ತು ಹೂಗಿಡ ನೆಡೋಣ ಅನ್ನುತ್ತಿದ್ದವರು ಅದನ್ನು ನೋಡಿ ಸುಮ್ಮನಾದರು. ನನಗೆ ಅದೇ ಜಾಸ್ತಿ ಖುಷಿ.

ಮುಂದಿನ ತಲೆನೋವು ಗಣೇಶನ ಹಬ್ಬ. ಮೂರ್ತಿಗಳನ್ನು ಕೆರೆಗೆ ಬಿಡದೆ ಪಕ್ಕದ ಕಲ್ಯಾಣಿಯಲ್ಲೇ ಬಿಡುವಂತೆ ಹುಡುಗರನ್ನು ಒಪ್ಪಿಸಬೇಕು. ಐಡಿಯಾ ಇದ್ದರೆ ಹೇಳಿ.