ಸೆಲ್ಯುಲೋಸ್ ದೇಹದಲ್ಲಿ ಕರಗದಿದ್ದರೆ ಮೃದ್ವಸ್ಥಿ ದುರಸ್ತಿಯ ಜೆಲ್‌ನಲ್ಲಿ ಅದಕ್ಕೇನು ಕೆಲಸ?

ಜ್ಞಾನಭಾರತಿಯ ವಿದ್ಯಾರ್ಥಿನಿ:
ನಮಸ್ಕಾರ. ಮಂಡಿಯ ಮೃದ್ವಸ್ಥಿಯಲ್ಲಿ (ಕೀಲಿನ ಮೂಳೆತುದಿಯನ್ನು ಹೊದ್ದಿರುವ ಕಾರ್ಟಿಲೇಜ್) ಆದ ಕುಳಿ ತುಂಬುವ ಜೆಲ್ ನನ್ನ ಎಂ.ಎಸ್ಸಿ. ಪ್ರಾಜೆಕ್ಟು. ಅದಕ್ಕಾಗಿ ಬಾಳೆನಾರಿನಿಂದ ತೆಗೆದ ನ್ಯಾನೊಸೆಲ್ಯುಲೋಸನ್ನು (ಸೆಲ್ಯುಲೋಸಿನ ಅತಿಸೂಕ್ಷ್ಮ ಎಳೆಗಳು) ಕಡಲಪಾಚಿಯಿಂದ ಬರುವ ಸೋಡಿಯಂ ಅಲ್ಜಿನೇಟ್ ದ್ರಾವಣದಲ್ಲಿ ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡಿನೊಳಗೆ ಹನಿಸುತ್ತಿದ್ದೇನೆ. ಹನಿ ಬಿದ್ದೊಡನೆ ನೆನೆದ ಸಬ್ಬಕ್ಕಿಯಂಥ ಮಣಿಯಾಗುತ್ತದೆ. ಬರೀ ಅಲ್ಜಿನೇಟಿನ ಮಣಿ ಬೆರಳಲ್ಲಿ ಒತ್ತಿದರೆ ಪಿಚಕ್ಕನೆ ಒಡೆಯುತ್ತದೆ. ನಾರು ಸೇರಿದ್ದು ಸ್ವಲ್ಪ ತಡೆದುಕೊಳ್ಳುತ್ತದೆ. ನನ್ನ ಅನುಮಾನ ಇಷ್ಟು: ಸೆಲ್ಯುಲೋಸನ್ನು ಒಡೆಯುವ ಕಿಣ್ವವೇ ನಮ್ಮ ದೇಹದಲ್ಲಿಲ್ಲ. ಹೊಸ ಮೃದ್ವಸ್ಥಿ ಬೆಳೆದಂತೆ ಜೆಲ್ ಜಾಗ ಬಿಟ್ಟುಕೊಡಬೇಕು ಎನ್ನುವುದಾದರೆ, ಕರಗದ ವಸ್ತುವನ್ನು ಮಂಡಿಯೊಳಗೆ ಇಡುವುದು ಹೇಗೆ ಸರಿ?

ಪ್ರಯೋಗಾಲಯದವನು, ಯಶವಂತಪುರ:
ಮನೆಗೆ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಹಲಗೆಗಳನ್ನು ಆಮೇಲೆ ಬಿಚ್ಚುತ್ತಾರೆ, ಕಬ್ಬಿಣದ ಸರಳುಗಳನ್ನು ಒಳಗೇ ಬಿಡುತ್ತಾರೆ. ನಿಮ್ಮ ಜೆಲ್‌ನಲ್ಲಿ ಅಲ್ಜಿನೇಟ್ ಹಲಗೆ, ನ್ಯಾನೊಸೆಲ್ಯುಲೋಸ್ ಸರಳು. ಹಾಗೆ ನೋಡಿದರೆ ಅಲ್ಜಿನೇಟನ್ನು ಒಡೆಯುವ ಕಿಣ್ವವೂ ನಮಗಿಲ್ಲ. ಅದರ ಕ್ಯಾಲ್ಸಿಯಂ ಜಾಗಕ್ಕೆ ದೇಹದ್ರವದ ಸೋಡಿಯಂ ಬಂದು ಕೂರುವುದರಿಂದ ಬಂಧ ಸಡಿಲಗೊಂಡು ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಎಳೆಗಳು ಉಳಿಯುವುದರಿಂದ ಅನುಕೂಲವೂ ಇದೆ. ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲ, ನರವಿಲ್ಲ, ಜೀವಕೋಶಗಳೂ ವಿರಳ. ಆದ್ದರಿಂದ ಹೊಸ ಕೊಲಾಜೆನ್ (ಮೃದ್ವಸ್ಥಿಗೆ ಬಲ ಕೊಡುವ ಪ್ರೋಟೀನ್ ನಾರು) ಕೂಡುವುದು ತಿಂಗಳುಗಟ್ಟಲೆಯ ಕೆಲಸ, ಅಲ್ಲಿಯವರೆಗೆ ಭಾರ ಹೊರುವವರೊಬ್ಬರು ಬೇಕು. ಜೊತೆಗೆ, ಟೆಂಪೋ ಎಂಬ ವೇಗವರ್ಧಕ ಬಳಸಿ ಆಕ್ಸಿಡೀಕರಿಸಿದ ಎಳೆಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ನೈಜ ಮೃದ್ವಸ್ಥಿಯಲ್ಲಿ ಪ್ರೋಟಿಯೋಗ್ಲೈಕಾನ್ ಎಂಬ ಸಕ್ಕರೆ-ಪ್ರೋಟೀನ್ ಅಣುಗಳು ನೀರನ್ನು ಹಿಡಿದಿಡುವುದೂ ಇಂಥ ವಿದ್ಯುದಂಶದಿಂದಲೇ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು 2015ರಲ್ಲಿ ಇದೇ ಜೋಡಿಯಲ್ಲಿ ಮನುಷ್ಯರ ಮೂಗಿನ ಮೃದ್ವಸ್ಥಿ ಕೋಶಗಳನ್ನು ಬೆರೆಸಿ 3ಡಿ ಪ್ರಿಂಟರಿನಲ್ಲಿ ಮುದ್ರಿಸಿದಾಗ, ಮೊದಲ ದಿನ 73% ಇದ್ದ ಜೀವಂತ ಕೋಶಗಳ ಪ್ರಮಾಣ ಏಳನೆಯ ದಿನಕ್ಕೆ 86% ಆಗಿತ್ತು. ನಿಮ್ಮ ಬಾಳೆನಾರಿನ ವಿಷಯದಲ್ಲಿ ನನಗಿರುವ ಚಿಂತೆ ಕರಗದಿರುವುದಲ್ಲ, ತೊಳೆಯುವುದು. ಅಳಿದುಳಿದ ಲಿಗ್ನಿನ್ (ಸಸ್ಯದ ನಾರನ್ನು ಗಟ್ಟಿಮಾಡುವ ವಸ್ತು), ಗ್ಲೂಕಾನ್ ಎಂಬ ಸಕ್ಕರೆ ಸರಪಳಿ ಮತ್ತು ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷ ಉರಿಯೂತ ಎಬ್ಬಿಸಬಲ್ಲವು.

ಮೂಳೆ ವೈದ್ಯ, ಜಯನಗರ:
ಜೆಲ್ ಒಳ್ಳೆಯದಾದರೆ ಸಾಲದು, ಅಂಚಿಗೆ ಅಂಟಬೇಕು. ಬರೀ ನಡೆಯುವಾಗಲೇ ಮಂಡಿಯ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ; ಸುತ್ತಲಿನ ಹಳೆಯ ಮೃದ್ವಸ್ಥಿಗೂ ತುಂಬಿದ ತುಂಡಿಗೂ ನಡುವೆ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಂದಲೇ ಕೀಳತೊಡಗುತ್ತದೆ. ಮೈಕ್ರೊಫ್ರ್ಯಾಕ್ಚರ್ ಮಾಡಿ, ಎಂದರೆ ಕುಳಿಯ ತಳದ ಮೂಳೆಗೆ ಸಣ್ಣ ತೂತು ಕೊರೆದು, ಮೂಳೆಯಿಂದ ರಕ್ತ ಜಿನುಗಿಸಿದರೆ ಕುಳಿ ತುಂಬುತ್ತದೆ, ಆದರೆ ತುಂಬುವುದು ಹೆಚ್ಚಾಗಿ ಒಂದನೆಯ ಬಗೆಯ ಕೊಲಾಜೆನ್ ಇರುವ ಗಾಯದ ಅಂಗಾಂಶ, ನಮಗೆ ಬೇಕಾದ ಎರಡನೆಯ ಬಗೆಯದಲ್ಲ. ರೋಗಿಯ ಕೋಶಗಳನ್ನೇ ಬೆಳೆಸಿ ತುಂಬುವ ಚಿಕಿತ್ಸೆಯ ವರದಿ 1994ರಲ್ಲೇ ಬಂದಿದ್ದರೂ ಅದಕ್ಕೆ ಎರಡು ಶಸ್ತ್ರಚಿಕಿತ್ಸೆ ಬೇಕಾಗಿ ಖರ್ಚು ಏರಿತು. ಇನ್ನೊಂದು ಮಾತು: ಇವೆಲ್ಲ ಪೆಟ್ಟಿನಿಂದಾದ ಸೀಮಿತ ಕುಳಿಗಳ ಕಥೆ. ವಯಸ್ಸಾಗಿ ಮಂಡಿಯೆಲ್ಲ ಸವೆದವರು ಬಾಳೆನಾರಿನ ಜೆಲ್ ಕೇಳಿಕೊಂಡು ನನ್ನಲ್ಲಿಗೆ ಬಂದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ.

ಜ್ಞಾನಭಾರತಿಯ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು ಸರ್. ಒತ್ತಡ ಪರೀಕ್ಷೆಯನ್ನು ಇದುವರೆಗೆ ಡಿಸ್ಟಿಲ್ಡ್ ವಾಟರಿನಲ್ಲಿಟ್ಟ ಮಣಿಗಳ ಮೇಲೆ ಮಾಡಿದ್ದೇನೆ. ಅದು ಸಾಕೇ?

ಪ್ರಯೋಗಾಲಯದವನು, ಯಶವಂತಪುರ:
ಸಾಲದಮ್ಮ. ಡಿಸ್ಟಿಲ್ಡ್ ವಾಟರಿನಲ್ಲಿ ಸೋಡಿಯಂ ಇಲ್ಲದ ಕಾರಣ ಮಣಿ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಕೋಶ ಬೆಳೆಸುವ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಎರಡು ವಾರ ಇಟ್ಟು ಮತ್ತೆ ಒತ್ತಿ ನೋಡಿ. ಮಣಿಯ ಬದಲು ಚಪ್ಪಟೆ ಬಿಲ್ಲೆ ಮಾಡಿಕೊಂಡರೆ ಅಳತೆಯೂ ಸರಿಯಾಗಿ ಸಿಗುತ್ತದೆ.