ಹೈ ವೋಲ್ಟೇಜ್ ಕೊಟ್ಟರೆ ನೀರಿನಿಂದ ಜಾಸ್ತಿ ಹೈಡ್ರೋಜನ್ ಬರುತ್ತಾ?

ತೀರ್ಥಹಳ್ಳಿ ತೋಟದವ:
ನಮ್ಮ ಹಳ್ಳಕ್ಕೆ 1 ಕಿಲೋವ್ಯಾಟ್ ಟರ್ಬೈನ್ ಕೂರಿಸಿದ್ದೇವೆ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಸುಮ್ನೆ ವೇಸ್ಟ್ ಆಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾವಿರಾರು ವೋಲ್ಟ್ ಕೊಟ್ಟರೆ ಸ್ವಲ್ಪ ಕರೆಂಟಿನಲ್ಲೇ ನೀರು ಒಡೆದು ಹೈಡ್ರೋಜನ್ ಸಿಗುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅದರಲ್ಲಿ ಅಡುಗೆ ಒಲೆ ಉರಿಸಬಹುದಾ?

ಸಾಗರದ ವೈರಿಂಗ್ ಕೆಲಸದವ:
ಇಲ್ಲ ಅಣ್ಣ. ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಸಾಕು, ನಿಜವಾದ ಸೆಲ್‌ಗಳು (ನೀರಿನಲ್ಲಿ ಎರಡು ತಗಡು ಇಟ್ಟು ಕರೆಂಟ್ ಹಾಯಿಸುವ ತೊಟ್ಟಿಗಳು) ಸುಮಾರು 2 ವೋಲ್ಟ್‌ನಲ್ಲೇ ಓಡುತ್ತವೆ. ಎಷ್ಟು ಗ್ಯಾಸ್ ಬರಬೇಕು ಎನ್ನುವುದನ್ನು ಆಂಪಿಯರ್, ಅಂದರೆ ಎಷ್ಟು ಕರೆಂಟ್ ಹರಿಯುತ್ತದೆ ಎನ್ನುವುದು ನಿರ್ಧರಿಸುತ್ತದೆ, ವೋಲ್ಟ್ ಅಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟ ವೋಲ್ಟೇಜ್ ಎಲ್ಲ ನೀರು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಜಾಸ್ತಿ ವೋಲ್ಟ್ ಇದ್ದರೆ ಸೆಲ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ, ಅಷ್ಟೇ. ದೊಡ್ಡ ಕಾರ್ಖಾನೆಯಲ್ಲೂ 1 ಕೆಜಿ ಹೈಡ್ರೋಜನ್‌ಗೆ 50 ಯೂನಿಟ್‌ಗಿಂತ ಜಾಸ್ತಿ ಬೇಕು. ನಿಮ್ಮ ಟರ್ಬೈನ್ ದಿನಕ್ಕೆ ಕೊಡುವುದು 24 ಯೂನಿಟ್, ಅಂದರೆ ಅರ್ಧ ಕೆಜಿಯೂ ಇಲ್ಲ.

ಹೊಸನಗರದಿಂದ:
ಅಮೆರಿಕದ ಸ್ಟಾನ್ಲಿ ಮೇಯರ್ ಇದೇ ಥರ ನೀರಿನಲ್ಲೇ ಕಾರು ಓಡಿಸುತ್ತೇನೆ ಅಂದಿದ್ದ. 1996ರಲ್ಲಿ ಒಹಾಯೊ ಕೋರ್ಟ್ ಅದು ಮೋಸ ಅಂತ ತೀರ್ಪು ಕೊಟ್ಟಿತು. ದಯವಿಟ್ಟು ಮನೆಯೊಳಗೆ ಪ್ರಯೋಗ ಮಾಡಬೇಡಿ, ಗಾಳಿಯಲ್ಲಿ 4 ಪರ್ಸೆಂಟ್ ಹೈಡ್ರೋಜನ್ ಇದ್ದರೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಉಪ್ಪು ಹಾಕಿದರೆ ಕ್ಲೋರಿನ್ ವಿಷಗಾಳಿಯೂ ಬರುತ್ತದೆ.

ತೀರ್ಥಹಳ್ಳಿ ತೋಟದವ:
ಅಯ್ಯೋ, ಮಗ ಆಗಲೇ ಉಪ್ಪು ನೀರಿನಲ್ಲಿ ಮಾಡಲು ಹೊರಟಿದ್ದ, ಈಗಲೇ ನಿಲ್ಲಿಸುತ್ತೇನೆ. ಹಾಗಾದರೆ ಆ ಕರೆಂಟ್ ಏನು ಮಾಡಲಿ?

ಸಾಗರದ ವೈರಿಂಗ್ ಕೆಲಸದವ:
ಹಂಡೆ ನೀರು ಕಾಯಿಸಿ. ಇಲ್ಲವೇ ಅಡಿಕೆ ಒಣಗಿಸುವ ಡ್ರೈಯರ್‌ಗೆ ಕೊಡಿ, ಮಳೆಗಾಲ ಮುಗಿಯುವ ಹೊತ್ತಿಗೆ ಕೊಯ್ಲು ಶುರುವಾಗುತ್ತದಲ್ವಾ.